ಮೋಟಬಿಲಿಟಿ ಕಾರಿನಲ್ಲಿ ರಾತ್ರಿ ಮಲಗಿದರೆ ತಪ್ಪಾ?

ಪ್ರಶ್ನೆ: ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ನಮ್ಮ ಯಜಮಾನರಿಗೆ ಒಂಬತ್ತು ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರಗಳ ಕಾಯಿಲೆ. ಮನೆಯೊಳಗೆ ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ, ಹೊರಗೆ ಗಾಲಿಕುರ್ಚಿಯೇ. ಪಿಪ್ ಎಂಬ ವಿಕಲಚೇತನರ ಸರ್ಕಾರಿ ಭತ್ಯೆಯಲ್ಲಿ ಓಡಾಟಕ್ಕೆಂದು ಬರುವ ಮೊಬಿಲಿಟಿ ಹಣ ಬಿಟ್ಟುಕೊಟ್ಟು, ಅದರ ಬದಲಿಗೆ ಕಾರು ಕೊಡುವ ಮೋಟಬಿಲಿಟಿ ಯೋಜನೆಯಿಂದ ಹೈಬ್ರಿಡ್ ಎಸ್‌ಯುವಿ ಲೀಸಿಗೆ ತಗೊಂಡಿದ್ದೇವೆ. ಓಡಿಸುವುದು ನಾನು. ಮೇ ತಿಂಗಳಲ್ಲಿ 14 ವರ್ಷದ ಮಗನನ್ನೂ ಕರೆದುಕೊಂಡು ಲೇಕ್ ಡಿಸ್ಟ್ರಿಕ್ಟ್‌ಗೆ, ಸಾಧ್ಯವಾದರೆ ಸ್ಕಾಟ್ಲೆಂಡಿಗೂ ಹೋಗಿ ಮೂರು ರಾತ್ರಿ ಕ್ಯಾಂಪ್ ಮಾಡುವ ಆಸೆ. ಹಿಂದಿನ ಸೀಟು ಮಡಚಿ ನಾವಿಬ್ಬರೂ ಕಾರಲ್ಲೇ ಮಲಗುವುದು, ಮಗ ಚಿಕ್ಕ ಟೆಂಟಿನಲ್ಲಿ ಎಂದುಕೊಂಡಿದ್ದೇವೆ. ನಮ್ಮ ನೆಂಟರೊಬ್ಬರು, "ಲೀಸ್ ಕಾರಲ್ಲಿ ಮಲಗಿದರೆ ಇನ್ಶೂರೆನ್ಸ್ ಹೋಗತ್ತೆ, ಯಾರಾದ್ರೂ ಫೋಟೋ ತೆಗೆದು ಕಳಿಸಿದ್ರೆ ಪಿಪ್ಪೂ ಹೋಗತ್ತೆ" ಎಂದು ಹೆದರಿಸಿಬಿಟ್ಟಿದ್ದಾರೆ. ನಿಜವೇ? ಹಲಗೆಯ ಮಂಚವನ್ನು ಬೋಲ್ಟ್ ಹಾಕಿ ಕೂರಿಸಬಹುದಾ? ರಾತ್ರಿ ಹೀಟರ್, ಫ್ರಿಜ್ ಹಾಕಿಕೊಂಡರೆ ಬ್ಯಾಟರಿ ಗತಿ ಏನು? ಇವರು ರೆಸ್ಪೈಟ್ ಕೇರ್‌ನಲ್ಲಿರುವ (ನನಗೆ ಬಿಡುವು ಸಿಗಲೆಂದು ಬೇರೆಯವರು ಇವರನ್ನು ನೋಡಿಕೊಳ್ಳುವ) ವಾರ ನಾನೂ ಮಗನೂ ಇದೇ ಕಾರಲ್ಲಿ ಕ್ಯಾಂಪಿಂಗ್ ಹೋಗಿಬರಬಹುದಾ?

ಉತ್ತರ: ನಿಮ್ಮ ನೆಂಟರ ಒಂದು ವಾಕ್ಯದಲ್ಲಿ ಲೀಸಿನ ಕರಾರು, ವಿಮೆ, ಪಿಪ್ ಮೂರೂ ಕಲಸಿಹೋಗಿವೆ. ಅವರು ಹೇಳದೇ ಬಿಟ್ಟದ್ದು, ಕಾರು ನಿಲ್ಲಿಸುವ ಜಾಗ ಯಾರದು ಎನ್ನುವ ಪ್ರಶ್ನೆ. ವಾಸ್ತವದಲ್ಲಿ ಜನ ತೊಂದರೆಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ನಿಮ್ಮ ಯೋಜನೆಯಲ್ಲಿ ನನಗೆ ಕಾಣುವ ದೊಡ್ಡ ತೊಡಕು ಮಾತ್ರ ಕಾನೂನಿನದಲ್ಲ, ಡಿಕ್ಕಿಯ ನೆಲದ ಎತ್ತರದ್ದು.

ಮೊದಲು ಕರಾರು. ಕಾರು ನಿಮ್ಮದಲ್ಲ, ಮೋಟಬಿಲಿಟಿ ಆಪರೇಷನ್ಸ್ ಕಂಪನಿಯದು. ಯಜಮಾನರ ಪಿಪ್‌ನ ಹೆಚ್ಚಿನ ದರದ ಮೊಬಿಲಿಟಿ ಭಾಗ, 2025-26ರಲ್ಲಿ ವಾರಕ್ಕೆ 77.05 ಪೌಂಡ್ ಇದ್ದದ್ದು, ಪೂರ್ತಿಯಾಗಿಯೋ ಭಾಗಶಃವೋ ಬಾಡಿಗೆಯಾಗಿ ನೇರ ಅವರಿಗೆ ಹೋಗುತ್ತದೆ. ಮಾಮೂಲಿ ಕಾರಿಗೆ ಮೂರು ವರ್ಷ, ಗಾಲಿಕುರ್ಚಿ ಸಮೇತ ಹತ್ತುವ ವಾಹನಕ್ಕೆ ಐದು ವರ್ಷದ ಅವಧಿ. ಇಂಥ ಕಾರಿನಲ್ಲಿ ಮಲಗಬಾರದು ಎಂಬ ಷರತ್ತಿಲ್ಲ. ಕರಾರು ಬಿಗಿಯಾಗಿ ಹಿಡಿಯುವುದು ಬೇರೆ ಮೂರು ವಿಷಯವನ್ನು: ಕಾರು ವಿಕಲಚೇತನ ವ್ಯಕ್ತಿಯ ಅನುಕೂಲಕ್ಕೆ ಓಡಬೇಕು, ಬಾಡಿಗೆಗೆ ಬಿಡಬಾರದು, ಕೇಳದೇ ಕಾರಿನ ಸ್ವರೂಪ ಬದಲಿಸಬಾರದು.

ಮೊದಲ ಷರತ್ತಿನಲ್ಲೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವಿದೆ. ಪ್ರತಿ ಸಲವೂ ಯಜಮಾನರು ಕಾರೊಳಗೆ ಇರಲೇಬೇಕೆಂದೇನಿಲ್ಲ. ಅವರಿಗೆ ಔಷಧ ತರುವುದು, ಮನೆಸಾಮಾನು ತರುವುದು, ರೆಸ್ಪೈಟ್‌ನಲ್ಲಿದ್ದಾಗ ನೋಡಿಬರುವುದು ಎಲ್ಲವೂ ಅವರ ಅನುಕೂಲಕ್ಕೇ. ಅವರನ್ನು ಅಲ್ಲಿ ಬಿಟ್ಟು ನೀವೂ ಮಗನೂ ಮೂರು ದಿನ ಬೆಟ್ಟ ಸುತ್ತಿಬಂದರೆ ಅದನ್ನು ಅವರ ಅನುಕೂಲ ಎಂದು ಸಮರ್ಥಿಸಿಕೊಳ್ಳುವುದು ಕಷ್ಟ. ಆರೈಕೆ ಮಾಡುವವರಿಗೂ ಬಿಡುವು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಬಿಡುವಿಗೆ ರೈಲೋ ಬಾಡಿಗೆ ಕಾರೋ ನೋಡಿಕೊಳ್ಳಿ. ಮೂವರೂ ಕೂಡಿ ಹೋಗುವ ಮೇ ತಿಂಗಳ ಪ್ರವಾಸಕ್ಕೆ ಈ ತಕರಾರಿಲ್ಲ.

ಬೋಲ್ಟ್ ಹಾಕಿದ ಮಂಚ ಬೇಡ. ನೆಲಕ್ಕೆ ಒಂದು ತೂತು ಕೊರೆದರೂ ಅದು ಮಾರ್ಪಾಡು. ಹೈಬ್ರಿಡ್‌ನಲ್ಲಿ ಹಿಂದಿನ ಸೀಟಿನ ಕೆಳಗೋ ಡಿಕ್ಕಿಯ ಕೆಳಗೋ ಹೈ ವೋಲ್ಟೇಜ್ ಬ್ಯಾಟರಿ ಇರುವುದು ಸಾಮಾನ್ಯ. ಅಲ್ಲಿ ಡ್ರಿಲ್ ಇಳಿಸುವುದು ಕರಾರಿನ ಮಾತಷ್ಟೇ ಅಲ್ಲ, ಜೀವದ ಮಾತು. ಬಿಡಿಯಾಗಿ ಇಟ್ಟು ತೆಗೆಯುವ ಹಲಗೆಗೆ ಅಡ್ಡಿಯಿಲ್ಲ. ಆದರೆ ಓಡುವಾಗ ಅದು ಜಾರದಂತೆ ಡಿಕ್ಕಿಯ ಕೊಂಡಿಗಳಿಗೆ ಪಟ್ಟಿ ಬಿಗಿಯಬೇಕು. ಬ್ರೇಕ್ ಒತ್ತಿದಾಗ 15 ಕಿಲೋ ಹಲಗೆ ಮುಂದಕ್ಕೆ ನುಗ್ಗಿದರೆ ಹಿಂದಿನ ಸೀಟಿನಲ್ಲಿರುವ ಮಗನ ಬೆನ್ನಿಗೆ ಬರುತ್ತದೆ. ಹಿಂದೆ ಗಾಡಿ ಎಳೆಯುವ ಟೋ ಬಾರ್, ಚಾವಣಿ ಟೆಂಟು ಇಂಥವಕ್ಕೆ ಮೊದಲೇ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಏಣಿ ಹತ್ತಬೇಕಾದ ಚಾವಣಿ ಟೆಂಟು ನಿಮ್ಮ ಮನೆಗೆ ಹೇಗೂ ಹೇಳಿದ್ದಲ್ಲ.

ವಿಮೆಯ ವಿಚಾರ ಚಿಕ್ಕದು. ನಿಲ್ಲಿಸಿದ ಕಾರಿನಲ್ಲಿ ನಿದ್ದೆ ಮಾಡಿದರು ಎಂಬ ಒಂದೇ ಕಾರಣಕ್ಕೆ ವಿಮೆ ರದ್ದಾಗುತ್ತದೆ ಎನ್ನುವುದು ಕಟ್ಟುಕತೆ. ಕಾರೊಳಗೆ ಗ್ಯಾಸ್ ಒಲೆ ಹಚ್ಚಿ ಸೀಟು ಸುಟ್ಟರೆ, ಹೇಳದೇ ಮಾಡಿಸಿದ ಮಾರ್ಪಾಡಿನಿಂದ ಹಾನಿಯಾದರೆ ವಿಮೆಯವರು ಪ್ರಶ್ನೆ ಎತ್ತುತ್ತಾರೆ. ಟೆಂಟು, ಹಾಸಿಗೆ, ಪವರ್ ಬ್ಯಾಂಕ್ ಇವೆಲ್ಲ ಕಾರಿನ ಭಾಗವಲ್ಲ. ಮನೆಯ ಕಂಟೆಂಟ್ಸ್ ಪಾಲಿಸಿಯಲ್ಲಿ ಹೊರಗೆ ಒಯ್ದ ಸಾಮಾನಿಗೆ ರಕ್ಷಣೆ ಇದೆಯೇ ನೋಡಿಕೊಳ್ಳಿ. ಲೆಸ್ಟರ್‌ನಿಂದ ಲೇಕ್ ಡಿಸ್ಟ್ರಿಕ್ಟ್‌ನ ಕೆಸಿಕ್‌ಗೆ ಸುಮಾರು 200 ಮೈಲಿ, ಆದ್ದರಿಂದ ಮೈಲಿ ಮಿತಿಯನ್ನೂ ಒಮ್ಮೆ ತೆಗೆದು ನೋಡಿ. ಮೂರು ವರ್ಷಕ್ಕೆ 60,000 ಮೈಲಿ ಎಂಬ ಹಳೆಯ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಆದರೆ ಲೆಕ್ಕಕ್ಕೆ ಬರುವುದು ನಿಮ್ಮ ಕರಾರಿನ ಹಾಳೆಯಲ್ಲಿರುವ ಸಂಖ್ಯೆ. ಮುಂದೆಂದಾದರೂ ಫ್ರಾನ್ಸ್ ಕಡೆ ಹೊರಟರೆ, ಕಾರಿನ ನೋಂದಣಿಯ ವಿ5ಸಿ ಪತ್ರ ನಿಮ್ಮಲ್ಲಿರುವುದಿಲ್ಲವಾದ್ದರಿಂದ ಅದರ ಬದಲಿಗೆ ವಿಇ103 ಪತ್ರವನ್ನು ಹೊರಡುವ ಮುಂಚೆಯೇ ಕೇಳಿ ತರಿಸಿಕೊಳ್ಳಬೇಕು.

ಪಿಪ್ ಬಗ್ಗೆ ಇರುವ ಭಯ ದೊಡ್ಡದು, ಅದಕ್ಕೆ ಕಾರಣವೂ ಇದೆ. ಪಿಪ್ ಅಳೆಯುವುದು ರಜೆಯನ್ನಲ್ಲ. ನಡಿಗೆಯ ವಿಚಾರದಲ್ಲಿ 20 ಮೀಟರಿಗಿಂತ ಹೆಚ್ಚು ನಡೆಯಲಾಗದವರಿಗೆ 12 ಅಂಕ ಸಿಗುತ್ತದೆ, ಹೆಚ್ಚಿನ ದರಕ್ಕೆ ಬೇಕಾದದ್ದೂ ಅಷ್ಟೇ. "ನಡೆಯಬಲ್ಲರು" ಎನ್ನಬೇಕಾದರೆ ಸುರಕ್ಷಿತವಾಗಿ, ಒಪ್ಪುವ ರೀತಿಯಲ್ಲಿ, ಮತ್ತೆ ಮತ್ತೆ, ಅತಿಯಾಗಿ ಹೊತ್ತು ಹಿಡಿಯದೆ ನಡೆಯಲು ಆಗಬೇಕು. ಟೆಂಟಿನ ಕಂಬ ಹಿಡಿದು ನಿಂತ ಒಂದು ಫೋಟೋ ಈ ನಾಲ್ಕರಲ್ಲಿ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಹಾಗೆಂದು ಪ್ರಶ್ನೆಯೇ ಬರುವುದಿಲ್ಲ ಎಂದಲ್ಲ. ಮುಂದಿನ ಮರುಪರಿಶೀಲನೆಯಲ್ಲಿ ರಜೆಯ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಟೆಂಟು ಕಟ್ಟಿದ್ದು ಯಾರು, ಅವರನ್ನು ಹಾಸಿಗೆಗೆ ಎತ್ತಿ ಕೂರಿಸಿದ್ದು ಯಾರು, ಮರುದಿನ ಎಷ್ಟು ಹೊತ್ತು ಏಳಲಾಗಲಿಲ್ಲ. ನಮ್ಮವರಲ್ಲಿ "ಪರವಾಗಿಲ್ಲ, ಆರಾಮಾಗಿ ಮಾಡಿದ್ವಿ" ಎನ್ನುವ ಅಭ್ಯಾಸವಿದೆ. ಅಸೆಸ್‌ಮೆಂಟಿನಲ್ಲಿ ದುಬಾರಿಯಾಗುವುದು ಆ ಮಾತು, ಕ್ಯಾಂಪಿಂಗ್ ಅಲ್ಲ.

ಇನ್ನು ಜಾಗ. ಬ್ರಿಟನ್ನಿನಲ್ಲಿ ಕಾರಿನಲ್ಲಿ ಮಲಗುವುದೇ ಅಪರಾಧ ಎಂಬ ಕಾನೂನಿಲ್ಲ, ಆದರೆ ಎಲ್ಲಿ ಬೇಕಾದರೂ ಮಲಗಬಹುದು ಎಂಬ ಹಕ್ಕೂ ಇಲ್ಲ. ರಸ್ತೆಯಿಂದ 15 ಗಜದೊಳಗೆ ಪಕ್ಕಕ್ಕೆ ನಿಲ್ಲಿಸಬಹುದು ಎಂಬ ಮಾತು ಕೇಳಿರುತ್ತೀರಿ. 1988ರ ರೋಡ್ ಟ್ರಾಫಿಕ್ ಕಾಯಿದೆ ಪಾರ್ಕಿಂಗ್‌ಗೆಂದು ಅಷ್ಟು ದೂರ ಓಡಿಸಿದ್ದನ್ನು ಅಪರಾಧವೆನ್ನುವುದಿಲ್ಲ, ಅಷ್ಟೇ. ಇನ್ನೊಬ್ಬರ ಜಮೀನಿನಲ್ಲಿ ರಾತ್ರಿ ಕಳೆಯುವ ಹಕ್ಕನ್ನು ಅದು ಕೊಡುವುದಿಲ್ಲ. ಲೇಕ್ ಡಿಸ್ಟ್ರಿಕ್ಟ್‌ನ ಹೆಚ್ಚಿನ ಕಾರ್ ಪಾರ್ಕ್‌ಗಳಲ್ಲಿ ರಾತ್ರಿ ಮಲಗಬಾರದು ಎಂಬ ಫಲಕ ಇರುತ್ತದೆ, ದಂಡದ ಚೀಟಿ ಬರಬಹುದು. ಸ್ಕಾಟ್ಲೆಂಡಿನಲ್ಲಿ 2003ರ ಕಾಯಿದೆಯ ಪ್ರಕಾರ ನಡೆದು ಹೋಗಿ ಟೆಂಟು ಹಾಕುವ ಹಕ್ಕಿದೆ, ಮೋಟಾರು ವಾಹನಕ್ಕೆ ಆ ಹಕ್ಕು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ವಿಕಲಚೇತನರಿಗಾಗಿ ಕಟ್ಟಿದ ಅಥವಾ ಮಾರ್ಪಡಿಸಿದ ವಾಹನಕ್ಕೆ ಆ ಕಾಯಿದೆಯಲ್ಲಿ ವಿನಾಯಿತಿಯ ಸಾಲೊಂದಿದೆ. ಮೊಬಿಲಿಟಿ ಸ್ಕೂಟರಿನಂಥವಕ್ಕೆ ಅದು ಸರಿಹೋಗುತ್ತದೆ. ಯಾವ ಮಾರ್ಪಾಡೂ ಇಲ್ಲದ ಎಸ್‌ಯುವಿಯನ್ನು ಆ ಸಾಲು ನಂಬಿ ಹುಲ್ಲುಗಾವಲಿಗೆ ಇಳಿಸಬೇಡಿ. ಲಾಕ್ ಲೊಮಂಡ್ ಸುತ್ತಲಿನ ಕೆಲವು ವಲಯಗಳಲ್ಲಿ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಟೆಂಟಿಗೂ ಪರ್ಮಿಟ್ ಬೇಕು.

ವಿಕಲಚೇತನರ ಪಾರ್ಕಿಂಗ್ ಗುರುತಾದ ಬ್ಲೂ ಬ್ಯಾಡ್ಜ್ ಇದ್ದರೆ ರಾತ್ರಿ ಎಲ್ಲಾದರೂ ನಿಲ್ಲಿಸಬಹುದು ಎನ್ನುವುದೂ ತಪ್ಪು ತಿಳಿವಳಿಕೆ. ಅದು ರಸ್ತೆಯ ಪಾರ್ಕಿಂಗಿಗೆ ಕೊಟ್ಟ ರಿಯಾಯಿತಿ, ಕ್ಯಾಂಪಿಂಗಿನ ಪರವಾನಗಿ ಅಲ್ಲ. ಖಾಸಗಿ ಜಾಗದಲ್ಲಿ ಅಲ್ಲಿಯ ಮಾಲೀಕರ ನಿಯಮವೇ ನಿಯಮ.

ಆದ್ದರಿಂದ ಕ್ಯಾಂಪ್‌ಸೈಟ್ ಬುಕ್ ಮಾಡಿ. ಬುಕ್ ಮಾಡುವಾಗ "ಒಬ್ಬರು ಕಾರಿನಲ್ಲಿ ಮಲಗುತ್ತೇವೆ" ಎಂದು ಮೊದಲೇ ಹೇಳಿ, ಏಕೆಂದರೆ ಕೆಲವು ಸೈಟ್‌ಗಳು ಟೆಂಟು, ಕ್ಯಾರವಾನ್‌ಗಳನ್ನಷ್ಟೇ ಒಪ್ಪುತ್ತವೆ. ಫೋನಿನಲ್ಲಿ ಇನ್ನೂ ಕೇಳಬೇಕಾದದ್ದು: ಗಟ್ಟಿ ನೆಲದ ಪಿಚ್ (ಟೆಂಟು, ಕಾರು ನಿಲ್ಲಿಸುವ ಜಾಗ) ಇದೆಯೇ, ಅಲ್ಲಿಂದ ಗಾಲಿಕುರ್ಚಿಯ ಟಾಯ್ಲೆಟ್ ಎಷ್ಟು ಮೀಟರ್, ದಾರಿಯಲ್ಲಿ ಜಲ್ಲಿಯೋ ಡಾಂಬರೋ, ಶವರಿನಲ್ಲಿ ಕೂರುವ ಸೀಟಿದೆಯೇ, ಟಾಯ್ಲೆಟ್ಟಿಗೆ ರಾಡಾರ್ ಕೀಲಿ (ವಿಕಲಚೇತನರ ಟಾಯ್ಲೆಟ್‌ಗಳನ್ನು ತೆರೆಯುವ ಕೀಲಿ) ಬೇಕೇ. "ಆಕ್ಸೆಸಿಬಲ್" ಎಂಬ ಪದವೊಂದನ್ನೇ ನಂಬಿದರೆ, ಅಗಲವಾದ ಬಾಗಿಲಿನ ಮುಂದೆ ನಾಲ್ಕು ಇಂಚಿನ ಮೆಟ್ಟಿಲು ಸಿಕ್ಕೀತು. ಒದ್ದೆ ಹುಲ್ಲಿನ ಪಿಚ್ ಬೇಡವೇ ಬೇಡ. ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರಗಳು ಮೊದಲು ಹೂತುಕೊಳ್ಳುತ್ತವೆ, ಆಮೇಲೆ ಕಾರು.

ಕುಡಿತದ ಒಂದು ಮಾತು, ಏಕೆಂದರೆ ಬಹಳ ಜನಕ್ಕೆ ಇದು ಗೊತ್ತಿಲ್ಲ. ಮಿತಿ ಮೀರಿ ಕುಡಿದಿದ್ದರೆ, ನಿದ್ದೆ ಮಾಡುತ್ತಿದ್ದರೂ ಕೀಲಿ ಕೈಯಲ್ಲಿದ್ದರೆ ನೀವು ವಾಹನದ "ಉಸ್ತುವಾರಿ"ಯಲ್ಲಿದ್ದೀರಿ ಎಂದು ಪೊಲೀಸರು ಹೇಳಬಹುದು. ಓಡಿಸುವ ಸಾಧ್ಯತೆಯೇ ಇರಲಿಲ್ಲ ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಸಾಬೀತಾದರೆ ಲೈಸೆನ್ಸಿಗೆ 10 ದಂಡದ ಪಾಯಿಂಟ್. ಸ್ಕಾಟ್ಲೆಂಡಿನ ಮಿತಿ 2014ರಿಂದ 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ, ಅಂದರೆ ಇಂಗ್ಲೆಂಡಿನ 80ಕ್ಕಿಂತ ಬಿಗಿ. ಮನೆಯಲ್ಲಿ ಓಡಿಸುವವರು ನೀವೊಬ್ಬರೇ ಆದ್ದರಿಂದ ಆ ಮೂರು ರಾತ್ರಿ ವೈನ್ ಬಿಟ್ಟುಬಿಡುವುದು ಸರಳ.

ಈಗ ಡಿಕ್ಕಿಯ ಎತ್ತರಕ್ಕೆ ಬರೋಣ. ಟೇಪ್ ತಗೊಂಡು ಅಳೆಯಿರಿ. ಗಾಲಿಕುರ್ಚಿಯ ಸೀಟು ನೆಲದಿಂದ ಹೆಚ್ಚುಕಮ್ಮಿ 48ರಿಂದ 50 ಸೆಂಟಿಮೀಟರ್ ಇರುತ್ತದೆ. ಎಸ್‌ಯುವಿಯ ಡಿಕ್ಕಿಯ ಅಂಚು 70ರ ಆಸುಪಾಸು, ಮೇಲೆ 8 ಸೆಂಟಿಮೀಟರ್ ಹಾಸಿಗೆ ಬಂದರೆ 78. ಅಂದರೆ ಸುಮಾರು 28 ಸೆಂಟಿಮೀಟರ್ ಮೇಲಕ್ಕೆ ಅವರು ಏರಬೇಕು, ಅದೂ ತಲೆ ಬಗ್ಗಿಸಿ, ಆಮೇಲೆ ಒಳಕ್ಕೆ ತೆವಳಬೇಕು. ಕಾಲಿನಲ್ಲಿ ಬಲವಿಲ್ಲದವರಿಗೆ ಇದು ಆಗದ ಕೆಲಸ. ನೀವು ಎತ್ತಲು ಹೋದರೆ ಬಗ್ಗಿದ ಭಂಗಿಯಲ್ಲಿ ನಿಮ್ಮ ಸೊಂಟ ಹಿಡಿಯುತ್ತದೆ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಅವಸರವಾದಾಗ ಇದೇ ಹಾದಿಯಲ್ಲಿ ಹಿಂದಕ್ಕೆ ಇಳಿಯಬೇಕು. ಎಂಎಸ್‌ನಲ್ಲಿ ಮೂತ್ರ ತಡೆದುಕೊಳ್ಳಲಾಗದಿರುವುದು ಸಾಮಾನ್ಯವಾದ್ದರಿಂದ ಇದನ್ನು ಹೇಳದೇ ವಿಧಿಯಿಲ್ಲ. ಇನ್ನೊಂದು, ಮಡಚಿದ ಸೀಟಿನ ಬೆನ್ನು ಪೂರ್ತಿ ಚಪ್ಪಟೆಯಾಗುವುದು ಅಪರೂಪ. ಡಿಕ್ಕಿಗೂ ಸೀಟಿಗೂ ನಡುವೆ ಒಂದು ಮೆಟ್ಟಿಲೋ ಇಳಿಜಾರೋ ಉಳಿಯುತ್ತದೆ. ಆ ಅಂಚು ಸರಿಯಾಗಿ ಸೊಂಟದ ಕೆಳಗೆ ಬರುತ್ತದೆ, ಹಾಸಿಗೆ ಹುಣ್ಣು ಶುರುವಾಗುವುದೂ ಅಲ್ಲೇ. ಸ್ಪರ್ಶ ಸರಿಯಾಗಿ ತಿಳಿಯದವರಿಗೆ ಬೆಳಗ್ಗೆ ಚರ್ಮ ಕೆಂಪಾಗಿರುವುದು ಕಂಡ ಮೇಲೆಯೇ ಗೊತ್ತಾಗುವುದು.

"ಮುಂದಿನ ಸೀಟು ಹಿಂದಕ್ಕೆ ಬಾಗಿಸಿ ಮಲಗಲಿ" ಎನ್ನಬಹುದು. ಒಂದು ಮಧ್ಯಾಹ್ನದ ನಿದ್ದೆಗೆ ಸರಿ. ರಾತ್ರಿಯಿಡೀ ಅಂದರೆ ದೇಹ ಮೆಲ್ಲಗೆ ಕೆಳಕ್ಕೆ ಜಾರುತ್ತದೆ, ಬೆನ್ನಿನ ಕೆಳಭಾಗದ ಚರ್ಮ ಎಳೆದಂತಾಗುತ್ತದೆ, ಕಾಲುಗಳ ಸೆಡೆತ ಹೆಚ್ಚುತ್ತದೆ.

ನನ್ನ ಸಲಹೆ ನಿಮ್ಮ ಯೋಜನೆಯನ್ನು ತಿರುವುಮುರುವು ಮಾಡುವುದು. ಡಿಕ್ಕಿಯ ಬಾಗಿಲು (ಟೈಲ್‌ಗೇಟ್) ತೆರೆದು ಅದಕ್ಕೆ ಜೋಡಿಸುವ ಟೈಲ್‌ಗೇಟ್ ಟೆಂಟು ತನ್ನಿ. ಅದರೊಳಗೆ 45ರಿಂದ 50 ಸೆಂಟಿಮೀಟರ್ ಎತ್ತರದ ಕ್ಯಾಂಪ್ ಮಂಚ ಹಾಕಿ, ಮಲಗುವ ಜಾಗ ಯಜಮಾನರಿಗೆ ಅಲ್ಲಿರಲಿ. ಗಾಲಿಕುರ್ಚಿಯಿಂದ ಪಕ್ಕಕ್ಕೆ ಸರಿದರೆ ಸಾಕು, ಮೇಲೇರುವ ಮಾತಿಲ್ಲ. ಕಾರಿನಲ್ಲಿ ನೀವು ಮಲಗಿ, ಕೈಚಾಚಿದರೆ ಅವರು ಸಿಗುವ ಹಾಗೆ. ಮಂಚ ಕೊಳ್ಳುವಾಗ ಅದು ಹೊರುವ ತೂಕ ನೋಡಿ, ಸರಿಯುವಾಗ ಇಡೀ ಭಾರ ಒಂದೇ ಅಂಚಿನ ಮೇಲೆ ಬೀಳುವುದರಿಂದ ಮಂಚ ಮಗುಚದಂತೆ ಮಗ ಆಚೆ ಬದಿ ಹಿಡಿದಿರಲಿ. ಮಂಚದ ಕೆಳಗೆ ಗಾಳಿ ಆಡಿದರೆ ಬೆನ್ನು ತಣ್ಣಗಾಗುತ್ತದೆ, ಹಾಗಾಗಿ ಮಂಚದ ಮೇಲೆ ಮೊದಲು ಫೋಮ್ ಮ್ಯಾಟು, ಅದರ ಮೇಲೆ ಹಾಸಿಗೆ. ಮನೆಯಲ್ಲಿ ಗಾಳಿ ಪಂಪಿನ ಹಾಸಿಗೆ ಬಳಸುತ್ತಿದ್ದರೆ ಕರೆಂಟ್ ಸಂಪರ್ಕ (ಹುಕ್‌ಅಪ್) ಇರುವ ಪಿಚ್ಚನ್ನೇ ತಗೊಳ್ಳಿ.

ಈ ಟೆಂಟಿನದ್ದೇ ಒಂದು ಅಪಾಯವಿದೆ, ನಿಮ್ಮ ಹೀಟರ್ ಪ್ರಶ್ನೆಗೂ ಅದೇ ಉತ್ತರ. ಕಾರಿನ ಸೈಲೆನ್ಸರ್ ಕೊಳವೆ ಹಿಂದಿನ ಬಂಪರಿನ ಕೆಳಗೆ ತೆರೆದುಕೊಳ್ಳುತ್ತದೆ, ಟೈಲ್‌ಗೇಟ್ ಟೆಂಟು ಸುತ್ತಿಕೊಳ್ಳುವುದೂ ಅದೇ ಜಾಗವನ್ನು. ಹೈಬ್ರಿಡ್ ಕಾರನ್ನು "ರೆಡಿ" (ಓಡಲು ಸಿದ್ಧ) ಸ್ಥಿತಿಯಲ್ಲಿ ಬಿಟ್ಟು ಹೀಟರ್ ಹಾಕಿದರೆ ಸದ್ದಿಲ್ಲದೆ ಇರುತ್ತದೆ, ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಶುರುವಾಗುತ್ತದೆ. ಆಗ ನೀವು ನಿದ್ದೆಯಲ್ಲಿರುತ್ತೀರಿ, ಹೊಗೆ ನೇರ ಟೆಂಟಿನೊಳಗೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಟೆಂಟು ಜೋಡಿಸಿರುವಷ್ಟು ಹೊತ್ತು ಕಾರು ಪೂರ್ತಿ ಆಫ್ ಆಗಿರಬೇಕು, ಇದರಲ್ಲಿ ರಿಯಾಯಿತಿಯಿಲ್ಲ. ಇನ್ನೂ ಬೆಚ್ಚಗಿರುವ ಇದ್ದಿಲ ಬಾರ್ಬೆಕ್ಯೂವನ್ನು ಮಳೆ ಬಂತೆಂದು ಟೆಂಟಿನೊಳಗೆ ತಂದಿಡುವುದೂ ಜೀವ ತೆಗೆದಿದೆ. ಇಎನ್ 50291-2 ಎಂದು ಅಚ್ಚಾಗಿರುವ ಅಲಾರಂ ಒಂದನ್ನು ಮಲಗುವ ಜಾಗದಲ್ಲಿಡಿ, ಕ್ಯಾರವಾನಿನಂಥ ವಾಹನಗಳಿಗೆಂದೇ ಇರುವ ಮಾನದಂಡ ಅದು.

ಬೆಚ್ಚಗಿಡಲು ಬಿಸಿನೀರಿನ ಚೀಲ ಬೇಡ. ಸ್ಪರ್ಶ ಕಡಿಮೆಯಿದ್ದರೆ ಸುಟ್ಟದ್ದು ತಿಳಿಯುವುದಿಲ್ಲ. ಮಲಗುವ ಮೊದಲು ಹಾಸಿಗೆಗೆ ಶಾಖ ಕೊಟ್ಟು, ಅವರು ಮಲಗುವ ಹೊತ್ತಿಗೆ ಚೀಲ ತೆಗೆದುಬಿಡಬಹುದು. ಬೆಳಗಿನದು ಇದಕ್ಕೆ ತದ್ವಿರುದ್ಧ. ಮೇ ಕೊನೆಯಲ್ಲಿ ಅಲ್ಲಿ ಐದು ಗಂಟೆಯ ಹೊತ್ತಿಗೇ ಸೂರ್ಯ ಬಂದಿರುತ್ತಾನೆ. ಗಾಜಿನ ಕಾರು, ಮುಚ್ಚಿದ ಟೆಂಟು ಎರಡೂ ಬೇಗ ಕಾಯುತ್ತವೆ. ಮೈ ಬಿಸಿಯಾದರೆ ಎಂಎಸ್‌ನ ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುವುದು ಗೊತ್ತಿರುವ ಸಂಗತಿ. ನಿನ್ನೆ ಇಟ್ಟ ನಾಲ್ಕು ಹೆಜ್ಜೆ ಇವತ್ತು ಬಾರದೆ ಹೋಗಬಹುದು. ಟೆಂಟಿನ ಬಾಗಿಲು ಪೂರ್ವಕ್ಕೆ ಬಾರದಂತೆ ಕಾರು ನಿಲ್ಲಿಸಿ, ಗಾಜುಗಳಿಗೆ ಬೆಳ್ಳಿ ಬಣ್ಣದ ಪರದೆ ಕತ್ತರಿಸಿ ಇಡಿ.

ಫ್ರಿಜ್ಜನ್ನು ಕಾರಿನ 12 ವೋಲ್ಟ್ ಸಾಕೆಟ್ಟಿಗೆ ರಾತ್ರಿ ಸಿಕ್ಕಿಸಬೇಡಿ. ಹೈಬ್ರಿಡ್‌ನಲ್ಲಿ ದೊಡ್ಡ ಬ್ಯಾಟರಿ ಇದ್ದರೂ ಕಾರನ್ನು ಎಚ್ಚರಿಸುವುದು ಚಿಕ್ಕ 12 ವೋಲ್ಟ್ ಬ್ಯಾಟರಿ. ಅದು ಖಾಲಿಯಾದರೆ ಬೆಳಗ್ಗೆ ಬಾಗಿಲೂ ಸರಿಯಾಗಿ ತೆರೆಯದೆ ಹೋಗಬಹುದು. ಬೇರೆಯದೇ ಪವರ್ ಸ್ಟೇಷನ್, ಅಂದರೆ ಹೊತ್ತೊಯ್ಯುವ ದೊಡ್ಡ ಬ್ಯಾಟರಿ ಪೆಟ್ಟಿಗೆ ತಗೊಳ್ಳಿ. ಸರಾಸರಿ 20 ವ್ಯಾಟ್ ಎಳೆಯುವ ಕಂಪ್ರೆಸರ್ ಫ್ರಿಜ್ಜಿಗೆ ಹತ್ತು ಗಂಟೆಗೆ 200 ವ್ಯಾಟ್-ಅವರ್ ಬೇಕು, 500ರದ್ದು ಧಾರಾಳ. ಟೈಲ್‌ಗೇಟ್ ತೆರೆದೇ ಇರುವುದರಿಂದ ಒಳಗಿನ ದೀಪ, ಎಲೆಕ್ಟ್ರಾನಿಕ್ಸ್ ಎಚ್ಚರವಾಗಿಯೇ ಇದ್ದು ಅದೂ ಬ್ಯಾಟರಿ ಕುಡಿಯುತ್ತದೆ. ಕೈಯಿಂದ ಮುಚ್ಚುವ ಟೈಲ್‌ಗೇಟಾದರೆ ಬೀಗದ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ಒತ್ತಿದರೆ ಕಾರು "ಮುಚ್ಚಿದೆ" ಎಂದುಕೊಳ್ಳುತ್ತದೆ. ಬೆಳಗ್ಗೆ ಟೈಲ್‌ಗೇಟ್ ಇಳಿಸುವ ಮೊದಲು ಗುಂಡಿ ಒತ್ತಿ ಕೊಕ್ಕೆ ಬಿಡಿಸಲು ಮರೆತರೆ ಬೀಗ ಮುರಿಯುತ್ತದೆ, ಖರ್ಚು ನಿಮ್ಮದು. ಸ್ಟೀರಿಂಗಿಗೆ ಒಂದು ಚೀಟಿ ಅಂಟಿಸಿ. ಗುಂಡಿ ಒತ್ತಿದರೆ ತಾನೇ ಏರಿಳಿಯುವ ಟೈಲ್‌ಗೇಟಿನಲ್ಲಿ ಈ ಉಪಾಯ ಮಾಡಬೇಡಿ.

ಬೀಗದಲ್ಲಿ ಇನ್ನೊಂದು ಹುಷಾರು. ಇಲ್ಲಿನ ಹಲವು ಕಾರುಗಳಲ್ಲಿ ಹೊರಗಿನಿಂದ ರಿಮೋಟ್ ಒತ್ತಿದರೆ ಡೆಡ್‌ಲಾಕ್ ಬೀಳುತ್ತದೆ, ಒಳಗಿನ ಹಿಡಿಕೆ ಎಳೆದರೂ ಬಾಗಿಲು ತೆರೆಯುವುದಿಲ್ಲ. ಕಾರಿನಲ್ಲಿ ಯಾರಾದರೂ ಮಲಗಿರುವಾಗ ಹೊರಗಿನಿಂದ ಲಾಕ್ ಮಾಡಲೇಬೇಡಿ, ಒಳಗಿನ ಗುಂಡಿಯಿಂದ ಮಾಡಿ. ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ತೆಗೆದಿರಲಿ.

ಅಡುಗೆ ಹೊರಗೇ. ಡಿಕ್ಕಿಯ ಅಂಚಿನಲ್ಲಿ ಒಲೆಯಿಟ್ಟು ಒಗ್ಗರಣೆ ಹಾಕಿದರೆ ಎಣ್ಣೆಯ ಹಬೆ ಚಾವಣಿಯ ಬಟ್ಟೆಗೆ ಅಂಟುತ್ತದೆ, ಇಂಗಿನ ವಾಸನೆ ಲೀಸ್ ಮುಗಿಯುವವರೆಗೂ ಹೋಗುವುದಿಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಗ್ಗರಣೆ ಸೇರಿಸಿ ಹುರಿದಿಟ್ಟ ಉಪ್ಪಿಟ್ಟಿನ ರವೆ ಮನೆಯಿಂದಲೇ ಹೋದರೆ ಅಲ್ಲಿ ನೀರು ಕಾಯಿಸಿದರೆ ಸಾಕು.

ಕಾರೊಳಗೆ ಮಲಗುವ ನೀವು ಎದುರುಬದುರಿನ ಎರಡು ಕಿಟಕಿಗಳನ್ನು ಒಂದು ಬೆರಳಿನಷ್ಟು ಇಳಿಸಿಡಿ. ಇಲ್ಲದಿದ್ದರೆ ಉಸಿರಿನ ತೇವ ಗಾಜಿನ ಮೇಲೆ ಇಳಿದು ಬೆಳಗ್ಗೆ ಧಾರೆಯಾಗಿ ಹರಿಯುತ್ತದೆ. ಮೂರು ರಾತ್ರಿ ಹೀಗಾಗಿ ಒದ್ದೆ ಕಾರ್ಪೆಟ್ ಹಾಗೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಕಾರು ಹಿಂದಿರುಗಿಸುವಾಗ ಮಾಮೂಲಿ ಸವೆತಕ್ಕೆ ಹಣ ಕೇಳುವುದಿಲ್ಲ, ಬೂಷ್ಟು, ಸುಟ್ಟ ಕಲೆ, ಹರಿದ ಸೀಟಿಗೆ ಕೇಳಬಹುದು. ಸ್ಕಾಟ್ಲೆಂಡಿನ ಮಿಡ್ಜ್ ಎಂಬ ನುಸಿ ಆ ಬೆರಳಷ್ಟು ಸಂದಿಯಲ್ಲೂ ನುಗ್ಗುತ್ತದೆ, ಸಣ್ಣ ಕಣ್ಣಿನ ಜಾಲರಿ ಬೇಕು.

ಟೈಲ್‌ಗೇಟ್ ಟೆಂಟೂ ಹೊರೆ ಎನ್ನಿಸಿದರೆ ಗಾಲಿಕುರ್ಚಿ ಹೋಗುವಂಥ ಕ್ಯಾಂಪಿಂಗ್ ಪಾಡ್ ಎಂಬ ಪುಟ್ಟ ಕೋಣೆ ಬಾಡಿಗೆಗೆ ತಗೊಳ್ಳಿ. ಮರದ ಗೋಡೆ, ಸರಿಯಾದ ಮಂಚ, ಕರೆಂಟ್ ಸಿಗುತ್ತದೆ, ಹಣ ಹೆಚ್ಚು. ಇಂಥವು ಸೈಟಿಗೆ ಒಂದೋ ಎರಡೋ ಇರುವುದರಿಂದ ಮೇ ತಿಂಗಳ ಬ್ಯಾಂಕ್ ರಜೆಗೆ ಬಹಳ ಮುಂಚೆ ಹಿಡಿಯಬೇಕು. ಮೊದಲ ಸಲಕ್ಕೆ ಒಂದು ರಾತ್ರಿ ಪಾಡ್, ಒಂದು ರಾತ್ರಿ ಟೆಂಟು ಎಂದು ಹಂಚಿಕೊಂಡರೂ ಆದೀತು. ಸ್ಕಾಟ್ಲೆಂಡನ್ನು ಈ ಮೂರು ರಾತ್ರಿಯೊಳಗೆ ತುರುಕಬೇಡಿ, ಎಂಎಸ್‌ನ ಆಯಾಸಕ್ಕೆ ದಿನಾ ಟೆಂಟು ಕಿತ್ತು ಹೊರಡುವುದು ಒಗ್ಗುವುದಿಲ್ಲ. ದಾರಿಯಲ್ಲಿ ವ್ಯಕ್ತಿಯನ್ನು ಎತ್ತಿ ಸರಿಸುವ ಹಾಯಿಸ್ಟ್ ಯಂತ್ರ, ದೊಡ್ಡವರು ಮಲಗುವಷ್ಟು ಬೆಂಚು ಇರುವ ಚೇಂಜಿಂಗ್ ಪ್ಲೇಸಸ್ ಟಾಯ್ಲೆಟ್‌ಗಳು ಎಲ್ಲೆಲ್ಲಿವೆ ಎಂದು ಹೊರಡುವ ಮೊದಲೇ ಗುರುತು ಹಾಕಿಕೊಳ್ಳಿ.

ಏಪ್ರಿಲ್ಲಿನಲ್ಲಿ ಒಂದು ಶನಿವಾರ ಮನೆಯ ಮುಂದೆಯೇ ಟೆಂಟು ಜೋಡಿಸಿ ಒಂದು ರಾತ್ರಿ ಮಲಗಿ ನೋಡಿ. ಕತ್ತಲಲ್ಲಿ, ಟಾರ್ಚ್ ಹಿಡಿದು, ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಟಾಯ್ಲೆಟ್ಟಿಗೆ ಹೋಗಿಬರಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಬೆಳಗ್ಗೆ ಅವರ ಸೊಂಟ, ಹಿಮ್ಮಡಿಯ ಚರ್ಮ ನೋಡಿ. ಒತ್ತಿದಾಗ ಬಿಳಿಯಾಗದ ಕೆಂಪು ಕಂಡರೆ ಹಾಸಿಗೆ ಬದಲಿಸಿ ಇನ್ನೊಂದು ಶನಿವಾರ ನೋಡಿ, ಆಮೇಲೆ ಸೈಟಿಗೆ ಹಣ ಕಟ್ಟಿ.